ಗಾಳಿಯಿಂದ ಗೊಬ್ಬರ ತೆಗೆದ ಸ್ಯಾಮ್ ಐಡೆ: ಪದೇ ಪದೇ ಕೇಳುವ ಪ್ರಶ್ನೆಗಳು

## ಮೊದಲ ಪರಿಚಯ

ಯಾರು ಈ ಸ್ಯಾಮ್ ಐಡೆ? ಹೆಸರೇ ಕೇಳಿಲ್ಲವಲ್ಲ.

ನಾರ್ವೆಯ ದಕ್ಷಿಣ ಕರಾವಳಿಯ ಅರೆಂಡಾಲ್ ಎಂಬ ಬಂದರು ಊರಿನಲ್ಲಿ 1866ರ ಅಕ್ಟೋಬರ್ 29ರಂದು ಹುಟ್ಟಿದ ಇಂಜಿನಿಯರ್. ತಂದೆ ಹಡಗುಗಳ ಮಾಲೀಕರು. ಜಲಪಾತದ ವಿದ್ಯುತ್ತಿನಿಂದ ಗಾಳಿಯನ್ನು ಸುಟ್ಟು ಗೊಬ್ಬರ ಮಾಡುವ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ, ಲಾಭಕ್ಕೆ, ವರ್ಷಗಟ್ಟಲೆ ನಡೆಸಿ ತೋರಿಸಿದ ಮೊದಲ ಉದ್ಯಮ ಆತನದು. 1905ರಲ್ಲಿ ಸ್ಥಾಪಿಸಿದ ನೋರ್ಸ್ಕ್ ಹೈಡ್ರೋ ಕಂಪನಿ ಇಂದಿಗೂ ಇದೆ. ಅದಕ್ಕೂ ಒಂದು ವರ್ಷ ಮೊದಲು, 1904ರ ಜನವರಿ 2ರಂದು ಶುರುವಾದ ಎಲೆಕ್ಟ್ರೋಕೆಮಿಸ್ಕ್ ಈಗ ಎಲ್ಕೆಮ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಐಡೆ ತೀರಿಕೊಂಡದ್ದು 1940ರ ಜೂನ್ 21ರಂದು, ಜರ್ಮನ್ ಸೇನೆ ನಾರ್ವೆಗೆ ನುಗ್ಗಿ ಎರಡೂವರೆ ತಿಂಗಳಾಗುವ ಹೊತ್ತಿಗೆ.

ಅವನು ರಸಾಯನ ವಿಜ್ಞಾನಿಯೋ, ವಿದ್ಯುತ್ ಇಂಜಿನಿಯರೋ?

ಎರಡೂ ಅಲ್ಲ. ಸೇತುವೆ, ರೈಲು ನಿಲ್ದಾಣ, ಬಂದರು ಕಟ್ಟುವ ಸಿವಿಲ್ ಇಂಜಿನಿಯರ್. ಬರ್ಲಿನ್ನಿನ ಷಾರ್ಲೊಟೆನ್‌ಬುರ್ಗ್ ತಾಂತ್ರಿಕ ಕಾಲೇಜಿನಲ್ಲಿ ಓದಿ 1891ರಲ್ಲಿ ಹೊರಬಂದ. ಹ್ಯಾಂಬುರ್ಗ್‌ನಲ್ಲಿ ಗ್ಲೈಮ್ ಎಂಬ ಇಂಜಿನಿಯರ್ ಜೊತೆ ಪಾಲುದಾರನಾದ. 1898ರ ಹೊತ್ತಿಗೆ ಕ್ರಿಸ್ತಿಯಾನಿಯಾದಲ್ಲೂ (ಇಂದಿನ ಓಸ್ಲೋ) ಸ್ಟಾಕ್‌ಹೋಮ್‌ನಲ್ಲೂ ಕಚೇರಿ ತೆರೆದು, ಸ್ವೀಡನ್ನಿನ ಹಲವು ಊರುಗಳ ರೈಲು ನಿಲ್ದಾಣದ ಸ್ಪರ್ಧೆಗಳಲ್ಲಿ ಭಾಗವಹಿಸಿದ.

ಈ ಹಿನ್ನೆಲೆಯನ್ನು ಹಾರಿಸಿ ಓದಿದರೆ ಮುಂದಿನ ಕತೆ ಅರ್ಥವಾಗುವುದಿಲ್ಲ. ಅಣೆಕಟ್ಟು, ಸುರಂಗ, ರೈಲು ಹಳಿ, ಕಾರ್ಖಾನೆ, ಕಾರ್ಮಿಕರ ಮನೆ ಇವೆಲ್ಲ ಒಂದೇ ಕಾಲಕ್ಕೆ ಮುಗಿಯಬೇಕು, ಒಂದು ತಡವಾದರೂ ಉಳಿದದ್ದು ದಂಡ ಎಂಬ ತಿಳಿವಳಿಕೆ ಪ್ರಯೋಗಾಲಯದಲ್ಲಿ ಸಿಗುವುದಲ್ಲ. ರೈಲ್ವೆ ಕಾಮಗಾರಿ ಅದನ್ನು ಕಲಿಸಿತ್ತು.

ಗಾಳಿಯಿಂದ ಗೊಬ್ಬರ ಮಾಡುವಂಥ ದರ್ದು ಆಗ ಏನಿತ್ತು?

ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವೇ. ಆದರೆ ಎರಡೆರಡು ಪರಮಾಣು ಬಿಗಿಯಾಗಿ ಅಪ್ಪಿಕೊಂಡಿರುವ ಆ ರೂಪವನ್ನು ಬೇರು ಹೀರಲಾರದು. 19ನೇ ಶತಮಾನದ ಕೊನೆಗೆ ಯುರೋಪ್ ತನ್ನ ಹೊಲಕ್ಕೂ ಮದ್ದುಗುಂಡಿಗೂ ಬೇಕಾದ ನೈಟ್ರೇಟನ್ನು ಚಿಲಿ ದೇಶದ ಮರುಭೂಮಿಯಿಂದ ಹಡಗಿನಲ್ಲಿ ತರಿಸುತ್ತಿತ್ತು. 1898ರಲ್ಲಿ ಬ್ರಿಟಿಷ್ ವಿಜ್ಞಾನಿ ವಿಲಿಯಂ ಕ್ರೂಕ್ಸ್ ಬ್ರಿಸ್ಟಲ್‌ನ ಭಾಷಣವೊಂದರಲ್ಲಿ, ಆ ನಿಕ್ಷೇಪ ತೀರಿದರೆ ಗೋಧಿ ತಿನ್ನುವ ಜನಾಂಗಗಳಿಗೆ ಅನ್ನದ ಕೊರತೆ ಖಂಡಿತ, ಗಾಳಿಯ ಸಾರಜನಕವನ್ನು ಹಿಡಿಯುವುದೊಂದೇ ದಾರಿ ಎಂದ. ಮಿಂಚು ಹೊಡೆದಾಗ ಗಾಳಿಯಲ್ಲಿ ನೈಟ್ರಿಕ್ ಆಕ್ಸೈಡ್ ಹುಟ್ಟುತ್ತದೆ ಎಂಬುದು ಮೊದಲೇ ಗೊತ್ತಿತ್ತು. ಅಮೆರಿಕದ ನಯಾಗರಾದಲ್ಲಿ ಬ್ರಾಡ್ಲಿ ಮತ್ತು ಲವ್‌ಜಾಯ್ ಎಂಬಿಬ್ಬರು 1902ರಲ್ಲಿ ಆ ಪ್ರಯತ್ನ ಮಾಡಿ, ಎರಡು ವರ್ಷದಲ್ಲಿ ಕೈಬಿಟ್ಟರು. ಅವರ ಯಂತ್ರದಲ್ಲಿ ಸಾವಿರಾರು ಸಣ್ಣ ಕಿಡಿಗಳು ಹಾರುತ್ತಿದ್ದವು. ಅಷ್ಟು ಸೂಕ್ಷ್ಮ ಯಂತ್ರವನ್ನು ಹಗಲೂ ರಾತ್ರಿ ಓಡಿಸುವುದು ಕಷ್ಟವಾಯಿತು.

ಜಲಪಾತ ಮೊದಲು ಕೊಂಡನೋ, ತಂತ್ರಜ್ಞಾನ ಮೊದಲು ಸಿಕ್ಕಿತೋ?

ಜಲಪಾತ ಮೊದಲು. 1902–03ರಲ್ಲೇ ಐಡೆ ಟೆಲೆಮಾರ್ಕ್ ಪ್ರಾಂತ್ಯದ ರ್ಯೂಕಾನ್ ಜಲಪಾತದ ಹಕ್ಕನ್ನೂ ಗ್ಲೋಮಾ ನದಿಯ ವಾಮಾ ಜಲಪಾತದ ಹಕ್ಕನ್ನೂ ಹಿಡಿದಿದ್ದ. ರ್ಯೂಕಾನ್ 104 ಮೀಟರ್ ಎತ್ತರದಿಂದ ಬೀಳುವ ನೀರು, ಪ್ರವಾಸಿಗರ ಅಚ್ಚುಮೆಚ್ಚಿನ ತಾಣ. ಆದರೆ ಆ ಕಣಿವೆಯಲ್ಲಿ ಲಕ್ಷ ಕಿಲೋವಾಟ್ ಹುಟ್ಟಿಸಿದರೆ ಕೊಳ್ಳುವವರು ಯಾರು? ಹಾಗಾಗಿ ಆತ ಹುಡುಕುತ್ತಿದ್ದುದು ವಿದ್ಯುತ್ತನ್ನು ಹೊಟ್ಟೆಬಾಕನಂತೆ ತಿನ್ನುವ, ಕಚ್ಚಾವಸ್ತುವಿಗೆ ಹೆಚ್ಚು ಹಣ ಬೇಡದ ಒಂದು ಕೈಗಾರಿಕೆಯನ್ನು.

1902ರಲ್ಲೇ ಶಿವನಸಮುದ್ರದಿಂದ ಕೋಲಾರಕ್ಕೆ ತಂತಿ ಎಳೆದಿದ್ದರಲ್ಲ, ನಾರ್ವೆಯವರು ಯಾಕೆ ವಿದ್ಯುತ್ತನ್ನು ಪಟ್ಟಣಕ್ಕೆ ಒಯ್ಯಲಿಲ್ಲ?

ಒಳ್ಳೆಯ ಪ್ರಶ್ನೆ. ಆಗ ದೂರಕ್ಕೆ ವಿದ್ಯುತ್ ಸಾಗಿಸಲು ಬರುತ್ತಿರಲಿಲ್ಲ ಎನ್ನುವ ಸಾಮಾನ್ಯ ವಿವರಣೆಯನ್ನು ಶಿವನಸಮುದ್ರವೇ ಸುಳ್ಳಾಗಿಸುತ್ತದೆ: 92 ಮೈಲಿ ದೂರಕ್ಕೆ ಅಲ್ಲಿಂದ ತಂತಿ ಹೋಗಿತ್ತು. ವ್ಯತ್ಯಾಸ ಇರುವುದು ಗಿರಾಕಿಯಲ್ಲಿ. ಕೋಲಾರದಲ್ಲಿ ಚಿನ್ನದ ಗಣಿ ಮೊದಲೇ ಕಾದು ನಿಂತಿತ್ತು, ಬೇಕಾದದ್ದು ಕೆಲವೇ ಸಾವಿರ ಅಶ್ವಶಕ್ತಿ. ರ್ಯೂಕಾನ್‌ನಲ್ಲಿ ಸಿಗುವುದು ಅದರ ಹತ್ತಾರು ಪಟ್ಟು. ಅಷ್ಟನ್ನು ಕೊಳ್ಳುವ ಊರು ಆಗಿನ ನಾರ್ವೆಯಲ್ಲಿ ಎಲ್ಲೂ ಇರಲಿಲ್ಲ. ವಿದ್ಯುತ್ತನ್ನು ಗಿರಾಕಿಯ ಬಳಿಗೆ ಒಯ್ಯುವ ಬದಲು ಐಡೆ ಗಿರಾಕಿಯನ್ನೇ ಜಲಪಾತದ ಕೆಳಗೆ ಕಟ್ಟಿದ.

## ಕುಲುಮೆ ಮತ್ತು ಕಾರ್ಖಾನೆ

ಬಿರ್ಕೆಲಾಂಡ್ ಜೊತೆ ಊಟದ ಮೇಜಿನಲ್ಲೇ ಎಲ್ಲಾ ತೀರ್ಮಾನ ಆಯಿತಂತೆ, ನಿಜವೇ?

ಭೇಟಿ ಆದದ್ದು ಊಟದ ಮನೆಯಲ್ಲೇ. ಕ್ರಿಸ್ತಿಯಾನ್ ಬಿರ್ಕೆಲಾಂಡ್ ಉತ್ತರ ಧ್ರುವದ ಬೆಳಕಿನ ಬಗ್ಗೆ ಕೆಲಸ ಮಾಡುತ್ತಿದ್ದ ಭೌತವಿಜ್ಞಾನದ ಪ್ರಾಧ್ಯಾಪಕ. ಸಂಶೋಧನೆಗೆ ಹಣ ಹೊಂದಿಸಲು ವಿದ್ಯುತ್ಕಾಂತದಿಂದ ಗುಂಡು ಹಾರಿಸುವ ಫಿರಂಗಿಯೊಂದನ್ನು ಮಾಡಿದ್ದ. 1903ರ ಫೆಬ್ರವರಿ 6ರಂದು ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಅದನ್ನು ತೋರಿಸುವಾಗ ಶಾರ್ಟ್ ಸರ್ಕಿಟ್ ಆಗಿ, ಕಿವಿಗಡಚಿಕ್ಕುವ ಸದ್ದಿನೊಂದಿಗೆ ದೊಡ್ಡ ವಿದ್ಯುತ್ ಜ್ವಾಲೆ ಎದ್ದಿತು. ಫಿರಂಗಿ ಮಾರಾಟದ ಆಸೆ ಅಲ್ಲಿಗೆ ಮುಗಿಯಿತು. ಒಂದು ವಾರದ ನಂತರ, ಫೆಬ್ರವರಿ 13ರಂದು, ರಾಜಕಾರಣಿ ಗುನ್ನಾರ್ ಕ್ನೂಡ್ಸೆನ್ ಮನೆಯ ಊಟದಲ್ಲಿ ಐಡೆ ಸಿಕ್ಕ. ತನಗೆ ಬೇಕಿರುವುದು ಭೂಮಿಯ ಮೇಲಿನ ಅತಿ ದೊಡ್ಡ ಮಿಂಚು ಎಂದು ಐಡೆ ಹೇಳಿದ, ಅದು ನನ್ನಲ್ಲಿದೆ ಎಂದು ಬಿರ್ಕೆಲಾಂಡ್ ಉತ್ತರಿಸಿದ ಎನ್ನುವುದು ಪ್ರಚಲಿತ ಕತೆ. ಮಾತು ಅಕ್ಷರಶಃ ಹಾಗೇ ಇರಲಿ ಬಿಡಲಿ, ದಾಖಲೆಯಲ್ಲಿ ಇರುವುದು ಇದು: ಪೇಟೆಂಟ್ ಅರ್ಜಿ ಸಲ್ಲಿಕೆಯಾದದ್ದು ಫೆಬ್ರವರಿ 20ರಂದು. ಭೇಟಿಯಾಗಿ ಕೇವಲ ಏಳು ದಿನ.

ಪೇಟೆಂಟ್ ಬೇಗ ಆಯಿತು, ಕುಲುಮೆ ಬೇಗ ಆಗಲಿಲ್ಲ. ವಿಶ್ವವಿದ್ಯಾಲಯದ ಪ್ರಯೋಗಾಲಯ, ಅದೇ ವರ್ಷ ಫ್ರೋಗ್ನರ್‌ಕೀಲೆನ್, ಆಮೇಲೆ ಆಂಕರ್‌ಲೋಕೆನ್, 1904ರಲ್ಲಿ ಅರೆಂಡಾಲ್ ಬಳಿಯ ವಾಸ್‌ಮೂಯೆನ್ ಹೀಗೆ ಒಂದೊಂದು ಜಾಗದಲ್ಲೂ ಹಿಂದಿನದಕ್ಕಿಂತ ದೊಡ್ಡ ಕುಲುಮೆ ಇಟ್ಟು ಪರೀಕ್ಷಿಸಿದರು. 1905ರ ಮೇ 2ರಂದು ನೋಟೋಡೆನ್‌ನಲ್ಲಿ ಉತ್ಪಾದನೆ ಶುರುವಾಯಿತು. ಊಟದ ಮನೆಯಿಂದ ಕಾರ್ಖಾನೆಗೆ ಎರಡು ವರ್ಷ ಎರಡೂವರೆ ತಿಂಗಳು.

ಕುಲುಮೆ ಒಳಗೆ ಏನು ನಡೆಯುತ್ತಿತ್ತು? ಹಂತ ಹಂತವಾಗಿ ಹೇಳಿ.

ಎರಡು ಟೊಳ್ಳು ತಾಮ್ರದ ಕೊಳವೆಗಳು ವಿದ್ಯುದ್ವಾರ. ಒಳಗೆ ತಂಪು ನೀರು ಹರಿಯುತ್ತಿರುತ್ತದೆ, ಇಲ್ಲದಿದ್ದರೆ ಕ್ಷಣದಲ್ಲಿ ಕರಗಿಹೋಗುತ್ತವೆ. ತುದಿಗಳ ನಡುವೆ ಕೆಲವೇ ಮಿಲಿಮೀಟರ್ ಅಂತರ, ಅದರ ಮೇಲೆ ಸುಮಾರು 5,000 ವೋಲ್ಟ್, ಸೆಕೆಂಡಿಗೆ 50 ಆವರ್ತದ ಪರ್ಯಾಯ ವಿದ್ಯುತ್. ಅಡ್ಡಲಾಗಿ ಒಂದು ಬಲವಾದ ವಿದ್ಯುತ್ಕಾಂತ, ಅದಕ್ಕೆ ನೇರ ವಿದ್ಯುತ್.

ಜ್ವಾಲೆ ಹತ್ತಿದ ಕೂಡಲೇ ಕಾಂತ ಅದನ್ನು ಬದಿಗೆ ತಳ್ಳುತ್ತದೆ. ಅದು ಅರ್ಧಚಂದ್ರದಂತೆ ಹಿಗ್ಗಿ ಹರಿದುಹೋಗುತ್ತದೆ, ತುದಿಯಲ್ಲಿ ಹೊಸ ಜ್ವಾಲೆ ಹತ್ತುತ್ತದೆ. ವಿದ್ಯುತ್ತಿನ ದಿಕ್ಕು ತಿರುಗಿದಾಗ ಜ್ವಾಲೆಯೂ ಎದುರು ಬದಿಗೆ ಹೋಗುತ್ತದೆ. ಇದು ಅಷ್ಟು ವೇಗವಾಗಿ ನಡೆಯುವುದರಿಂದ ಕಣ್ಣಿಗೆ ಕಾಣುವುದು ಎರಡು ಮೀಟರ್ ಅಗಲದ ಒಂದೇ ಬೆಂಕಿಯ ತಟ್ಟೆ. ಈ ತಟ್ಟೆಯೇ ಬಿರ್ಕೆಲಾಂಡ್ ಕೊಟ್ಟ ನಿಜವಾದ ಹೊಸತು: ಸಾವಿರ ಕಿಡಿಗಳ ಬದಲು ಒಂದೇ ದೊಡ್ಡ ಬೆಂಕಿ.

ತಟ್ಟೆಯ ಸುತ್ತ ತೀರಾ ಕಿರಿದಾದ ಅಗ್ನಿನಿರೋಧಕ ಇಟ್ಟಿಗೆಯ ಕೋಣೆ. ಇಟ್ಟಿಗೆಯ ತೂತುಗಳ ಮೂಲಕ ಗಾಳಿ ಬೀಸುತ್ತಾರೆ. 3,000 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಬಿಸಿಯಲ್ಲಿ ಸಾರಜನಕ, ಆಮ್ಲಜನಕ ಕೂಡಿ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ನಿಧಾನಕ್ಕೆ ತಣಿದರೆ ಅದು ಮತ್ತೆ ಒಡೆದು ಗಾಳಿಯೇ ಆಗಿಬಿಡುತ್ತದೆ. ಆದ್ದರಿಂದ ಬಿಸಿ ಅನಿಲವನ್ನು ತಣ್ಣನೆಯ ಹೊಸ ಗಾಳಿಯೊಂದಿಗೆ ಬೆರೆಸಿ ಥಟ್ಟನೆ ಸುಮಾರು 1,000 ಡಿಗ್ರಿಗೆ ಇಳಿಸಬೇಕು. ಇಷ್ಟೆಲ್ಲ ಆದಮೇಲೆ ಹೊರಬರುವ ಅನಿಲದಲ್ಲಿ ನೈಟ್ರಿಕ್ ಆಕ್ಸೈಡ್ ಬರೀ ಶೇ. 1ರಿಂದ 2.

ಮುಂದೆ ಆ ಅನಿಲ ಬಾಯ್ಲರ್ ಮೂಲಕ ಹಾದು ಹಬೆ ಕೊಡುತ್ತದೆ (ಈ ಹಬೆ ದ್ರಾವಣ ಕುದಿಸಲು ಬೇಕಾಗುತ್ತದೆ, ದಂಡವಾಗುವುದಿಲ್ಲ), ಸುಮಾರು 50 ಡಿಗ್ರಿಗೆ ತಣಿಯುತ್ತದೆ, ಕಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ. ಗೋಪುರದಲ್ಲಿ ಮೇಲಿಂದ ಸುರಿಯುವ ನೀರಿಗೆ ಸಿಕ್ಕಿ ಸುಮಾರು ಶೇ. 30ರ ನೈಟ್ರಿಕ್ ಆಮ್ಲ. ಆಮ್ಲವನ್ನು ಸುಣ್ಣದಕಲ್ಲಿನ ಮೇಲೆ ಹರಿಸಿದರೆ ಕ್ಯಾಲ್ಸಿಯಂ ನೈಟ್ರೇಟ್. ಕುದಿಸಿ, ಗಟ್ಟಿ ಮಾಡಿ, ಪುಡಿ ಮಾಡಿ, ಪೀಪಾಯಿಗೆ ತುಂಬಿದರೆ ನಾರ್ವೆ ಸಾಲ್ಟ್‌ಪೀಟರ್ ಎಂದು ಮಾರುಕಟ್ಟೆಯಲ್ಲಿ ಹೆಸರಾದ, ಶೇ. 13 ಸಾರಜನಕದ ಗೊಬ್ಬರ.

ಅಲ್ಲಿ ಪದೇ ಪದೇ ಕೆಡುತ್ತಿದ್ದದ್ದು ಯಾವುದು?

ಮೊದಲನೆಯದು ತಾಮ್ರದ ತುದಿ. ಮೂರು ನಾಲ್ಕು ವಾರಕ್ಕೊಮ್ಮೆ ಬದಲಿಸಲೇಬೇಕಿತ್ತು. ಇಟ್ಟಿಗೆಯ ಒಳಗೋಡೆ ನಾಲ್ಕರಿಂದ ಆರು ತಿಂಗಳು ಬಾಳುತ್ತಿತ್ತು. ಆದ್ದರಿಂದಲೇ ಹಲವು ಕುಲುಮೆಗಳನ್ನು ಸಾಲಾಗಿ ಇಟ್ಟು, ಒಂದನ್ನು ನಿಲ್ಲಿಸಿ ರಿಪೇರಿ ಮಾಡುವಾಗ ಉಳಿದವು ಓಡುವಂತೆ ಮಾಡಿದ್ದರು.

ಎರಡನೆಯದು ವಿದ್ಯುತ್ತಿನ ಸ್ವಭಾವ. ಜ್ವಾಲೆಯಲ್ಲಿ ಕರೆಂಟ್ ಹೆಚ್ಚಿದಷ್ಟೂ ಅಡ್ಡಿ ಕಡಿಮೆಯಾಗುತ್ತದೆ. ಹಾಗೇ ಬಿಟ್ಟರೆ ಕರೆಂಟ್ ಏರುತ್ತಲೇ ಹೋಗಿ ಶಾರ್ಟ್ ಸರ್ಕಿಟ್ ಆಗುತ್ತದೆ. ಸರಣಿಯಲ್ಲಿ ದೊಡ್ಡ ಚೋಕ್ ಸುರುಳಿ ಹಾಕಿ ಅದನ್ನು ಕಟ್ಟಿಹಾಕಿದರು. ಇದಕ್ಕೆ ತೆತ್ತ ಬೆಲೆ ಎಂದರೆ ಪವರ್ ಫ್ಯಾಕ್ಟರ್ (ಹರಿಸಿದ ವಿದ್ಯುತ್ತಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.7ರ ಆಸುಪಾಸಿಗೆ ಇಳಿದದ್ದು. ಜನರೇಟರ್, ತಂತಿ ಎಲ್ಲವನ್ನೂ ನಿಜವಾಗಿ ಬೇಕಾದುದಕ್ಕಿಂತ ದೊಡ್ಡದಾಗಿ ಮಾಡಬೇಕಾಯಿತು.

ಮೂರನೆಯದು ಸರಕು. ಕ್ಯಾಲ್ಸಿಯಂ ನೈಟ್ರೇಟ್ ಗಾಳಿಯ ತೇವ ಹೀರಿ ನೀರಾಗುತ್ತದೆ. ಅದಕ್ಕಾಗಿ ಬಿಗಿಯಾದ ಮರದ ಪೀಪಾಯಿ ಬೇಕು. ಗೊಬ್ಬರದ ಕಾರ್ಖಾನೆಯ ಪಕ್ಕದಲ್ಲೇ ಪೀಪಾಯಿ ಕಾರ್ಖಾನೆ ಎದ್ದದ್ದು ಹೀಗೆ.

ಆಮ್ಲದ ಗೋಪುರಗಳು ಅಷ್ಟು ದೊಡ್ಡವು ಯಾಕೆ, ಅದೂ ಕಲ್ಲಿನಲ್ಲಿ?

ಕಲ್ಲು ಯಾಕೆಂದರೆ ನೈಟ್ರಿಕ್ ಆಮ್ಲ ತಡೆಯುವ ಸ್ಟೇನ್‌ಲೆಸ್ ಸ್ಟೀಲ್ ಆಗ ಕೈಗೆ ಬಂದಿರಲಿಲ್ಲ. ಗ್ರಾನೈಟ್ ಆಮ್ಲಕ್ಕೆ ಬಗ್ಗುವುದಿಲ್ಲ. ಒಳಗೆ ತುಂಬಿದ್ದು ಬಿಳಿಕಲ್ಲಿನ, ಅಂದರೆ ಸ್ಫಟಿಕ ಶಿಲೆಯ ಚೂರು.

ಗಾತ್ರದ ಕಾರಣ ಹೆಚ್ಚು ಸ್ವಾರಸ್ಯದ್ದು. ನೈಟ್ರಿಕ್ ಆಕ್ಸೈಡ್ ಆಮ್ಲಜನಕದೊಂದಿಗೆ ಸೇರುವ ವೇಗ ಅದರ ಸಾಂದ್ರತೆಯ ವರ್ಗಕ್ಕೆ ತಕ್ಕಂತೆ ಇರುತ್ತದೆ: ಸಾಂದ್ರತೆ ಅರ್ಧವಾದರೆ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ. ಇಲ್ಲಿಯ ಅನಿಲವೋ ಶೇ. 2ನ್ನೂ ದಾಟದಷ್ಟು ತೆಳು. ಹಾಗಾಗಿ ಅನಿಲ ಗೋಪುರದೊಳಗೆ ಬಹಳ ಹೊತ್ತು ಇರಲೇಬೇಕು. ಇಪ್ಪತ್ತು ಮೀಟರಿಗೂ ಎತ್ತರದ ಗೋಪುರಗಳನ್ನು ಸಾಲಾಗಿ ಜೋಡಿಸಿ, ನೀರನ್ನು ಕೊನೆಯ ಗೋಪುರದಿಂದ ಮೊದಲನೆಯದರ ಕಡೆಗೂ ಅನಿಲವನ್ನು ಅದಕ್ಕೆ ಎದುರಾಗಿಯೂ ಸಾಗಿಸಿದರು. ಕಟ್ಟಕಡೆಗೆ ಉಳಿದ ತೆಳು ಅನಿಲವನ್ನು ಸೋಡಾ ದ್ರಾವಣದಲ್ಲಿ ಹಿಡಿದು ಸೋಡಿಯಂ ನೈಟ್ರೈಟ್ ಮಾಡಿ, ಬಣ್ಣದ ಕಾರ್ಖಾನೆಗಳಿಗೆ ಮಾರಿದರು.

## ಹಣ, ಕಾನೂನು, ಊರು

ಇಷ್ಟಕ್ಕೆಲ್ಲ ದುಡ್ಡು ಕೊಟ್ಟವರು ಯಾರು?

ಸ್ವೀಡನ್ನಿನ ವಾಲೆನ್‌ಬರ್ಗ್ ಬ್ಯಾಂಕಿಂಗ್ ಮನೆತನ ಮತ್ತು ಫ್ರಾನ್ಸಿನ ಪಾರಿಬಾ ಬ್ಯಾಂಕ್. ಐಡೆ 1895ರಲ್ಲಿ ಮದುವೆಯಾದದ್ದು ಸ್ವೀಡನ್ನಿನ ಕೌಂಟ್ ಮನೆತನದ ಆನ್ನಾ ಉಲ್ರಿಕಾ ಮೋರ್ನರ್ ಅವರನ್ನು. ಸ್ಟಾಕ್‌ಹೋಮ್‌ನ ಹಣವಂತರ ಬಾಗಿಲು ತೆರೆಯುವಲ್ಲಿ ಆ ನೆಂಟಸ್ತಿಕೆ ಕೆಲಸಕ್ಕೆ ಬಂತು.

ಕಾಲವನ್ನು ಗಮನಿಸಿ. 1905ರ ಜೂನ್ 7ರಂದು ನಾರ್ವೆ ಸ್ವೀಡನ್ನಿನೊಂದಿಗಿನ ಒಕ್ಕೂಟವನ್ನು ಮುರಿದುಕೊಂಡಿತು. ಎರಡೂ ಕಡೆ ಸೈನ್ಯ ಸಜ್ಜಾಗಿತ್ತು. ಅದೇ ವರ್ಷ ಡಿಸೆಂಬರ್ 2ರಂದು ನಾರ್ವೆಯ ಇಂಜಿನಿಯರ್, ಸ್ವೀಡನ್ನಿನ ಬ್ಯಾಂಕರ್, ಫ್ರಾನ್ಸಿನ ಬಂಡವಾಳ ಸೇರಿ ನೋರ್ಸ್ಕ್ ಹೈಡ್ರೋ ಹುಟ್ಟಿತು. ಅಧ್ಯಕ್ಷ ಮಾರ್ಕುಸ್ ವಾಲೆನ್‌ಬರ್ಗ್, ಮಹಾನಿರ್ದೇಶಕ ಐಡೆ. ಜರ್ಮನಿಯ ರಾಸಾಯನಿಕ ಕಂಪನಿ ಬಿಎಎಸ್‌ಎಫ್ 1906ರಲ್ಲಿ ಒಳಬಂದು, 1911ರಲ್ಲಿ ಹೊರನಡೆಯಿತು. ಹೊರಹೋದದ್ದು ಸುಮ್ಮನೆ ಅಲ್ಲ: ಗಾಳಿಯ ಸಾರಜನಕವನ್ನು ಜಲಜನಕದೊಂದಿಗೆ ಕೂಡಿಸುವ ಹಾಬರ್ ವಿಧಾನದ ಅಮೋನಿಯಾ ಕೈಗೆ ಹತ್ತುತ್ತಿದೆ ಎಂದು ಅವರಿಗೆ ಗೊತ್ತಾಗಿತ್ತು.

ವಿದೇಶಿ ದುಡ್ಡಿನಲ್ಲಿ ಜಲಪಾತ ಕೊಳ್ಳುವುದನ್ನು ಸರ್ಕಾರ ಸುಮ್ಮನೆ ನೋಡುತ್ತಾ ಕೂತಿತ್ತೇ?

ಇಲ್ಲ. 1906ರಲ್ಲಿ ಅವಸರದ ತಾತ್ಕಾಲಿಕ ಕಾನೂನು ಬಂತು. ಜನ ಅದನ್ನು ಗಾಬರಿ ಕಾನೂನು ಎಂದೇ ಕರೆದರು. 1909ರಲ್ಲಿ ಶಾಶ್ವತ ಕಾನೂನು: ಜಲಪಾತ ಕೊಳ್ಳಲು ಸರ್ಕಾರದ ಪರವಾನಗಿ ಬೇಕು, ಗೊತ್ತಾದ ಅವಧಿ ಮುಗಿದ ಮೇಲೆ ಜಲಪಾತ ಮತ್ತು ವಿದ್ಯುತ್ ಸ್ಥಾವರ ಪರಿಹಾರವಿಲ್ಲದೆ ದೇಶಕ್ಕೆ ಮರಳಬೇಕು. ಆಗ ಪ್ರಧಾನಿ ಯಾರು ಗೊತ್ತೇ? ಐಡೆಗೆ ಬಿರ್ಕೆಲಾಂಡನ್ನು ಊಟದ ಮನೆಯಲ್ಲಿ ಕೂಡಿಸಿದ ಅದೇ ಗುನ್ನಾರ್ ಕ್ನೂಡ್ಸೆನ್. ನಾರ್ವೆಯ ಜಲವಿದ್ಯುತ್ತಿನ ಬಹುಪಾಲು ಇಂದೂ ಸಾರ್ವಜನಿಕ ಒಡೆತನದಲ್ಲಿ ಉಳಿದಿರುವುದಕ್ಕೆ ಈ ಕಾನೂನು ಬುನಾದಿ. ಐಡೆಯಂಥ ಉದ್ಯಮಿ, ಕ್ನೂಡ್ಸೆನ್‌ನಂಥ ಕಾನೂನು ಮಾಡುವವ ಇಬ್ಬರೂ ಒಂದೇ ಕಾಲದಲ್ಲಿ ಸಿಕ್ಕಿದ್ದು ಆ ದೇಶದ ಪುಣ್ಯ ಎಂದು ನಮ್ಮ ಅನಿಸಿಕೆ.

ನೋಟೋಡೆನ್‌ನಲ್ಲೇ ಯಾಕೆ ಶುರು ಮಾಡಿದರು?

ಅಲ್ಲಿ ಟಿನ್‌ಫೋಸ್ ಎಂಬ ಕಂಪನಿಯ ವಿದ್ಯುತ್ ಸಿದ್ಧವಾಗಿ ಸಿಗುತ್ತಿತ್ತು, ಕಾಲುವೆಯಿಂದ ಸಮುದ್ರಕ್ಕೆ ದೋಣಿ ಹೋಗುತ್ತಿತ್ತು. ಎರಡೇ ವರ್ಷದಲ್ಲಿ, 1907ರಲ್ಲಿ, ಪಕ್ಕದ ಸ್ವೆಲ್ಗ್‌ಫೋಸ್‌ನಲ್ಲಿ ಸ್ವಂತ ಸ್ಥಾವರ ಎದ್ದಿತು. ಆಗ ಅದು ಯುರೋಪಿನಲ್ಲೇ ದೊಡ್ಡದು.

ರ್ಯೂಕಾನ್ ಊರನ್ನು ಐಡೆಯೇ ಕಟ್ಟಿದ್ದು ಅನ್ನುತ್ತಾರೆ. ಅದರಲ್ಲಿ ಎಷ್ಟು ನಿಜ?

ಕಂಪನಿ ಕಟ್ಟಿದ ಊರು ಅನ್ನುವುದು ಪೂರ್ತಿ ನಿಜ. ಕೆಲವು ನೂರು ರೈತರಿದ್ದ ಕಡಿದಾದ ಕಣಿವೆ ಹತ್ತು ಹನ್ನೆರಡು ವರ್ಷದಲ್ಲಿ ಹತ್ತು ಸಾವಿರ ಜನರ ಪಟ್ಟಣವಾಯಿತು. ಮೇಲೆ ಮ್ಯೋಸ್ ಸರೋವರಕ್ಕೆ ಅಣೆಕಟ್ಟು ಹಾಕಿ, ವರ್ಷವಿಡೀ ನೀರು ಸಮನಾಗಿ ಇಳಿಯುವಂತೆ ಮಾಡಿದರು. ನೀರು ಸುರಂಗದಲ್ಲಿ ಹರಿದು, ಬೆಟ್ಟದ ಮೈಮೇಲಿನ 11 ಉಕ್ಕಿನ ಕೊಳವೆಗಳಲ್ಲಿ ಸುಮಾರು 300 ಮೀಟರ್ ಕೆಳಗೆ ಇಳಿದು, ವೇಮೋರ್ಕ್ ಸ್ಥಾವರದ 10 ಟರ್ಬೈನುಗಳನ್ನು ತಿರುಗಿಸಿತು. 1911ರಲ್ಲಿ ಅದು 108 ಮೆಗಾವಾಟ್, ಜಗತ್ತಿನಲ್ಲೇ ಅತಿ ದೊಡ್ಡದು.

ಮೊದಲ ವರ್ಷಗಳಲ್ಲಿ ಕಾಮಗಾರಿಯ ಕೂಲಿಗಳು ಇಕ್ಕಟ್ಟಿನ ಬಿಡಾರಗಳಲ್ಲಿ ಇದ್ದರು. ಆಮೇಲೆ ಕಂಪನಿ ಮನೆ, ಶಾಲೆ, ಆಸ್ಪತ್ರೆ, ಬೀದಿದೀಪ ಎಲ್ಲ ಕಟ್ಟಿಸಿತು. ಸೌಕರ್ಯ ಒಳ್ಳೆಯದಾಗಿತ್ತು. ಆದರೆ ಮನೆಯ ಗಾತ್ರ ಹುದ್ದೆಗೆ ತಕ್ಕಂತೆ, ಬಿಸಿಲಿನ ಕಡೆಯ ಎತ್ತರದ ಇಳಿಜಾರು ಅಧಿಕಾರಿಗಳಿಗೆ. ಕೆಲಸಕ್ಕೂ ಮನೆಗೂ ಒಬ್ಬನೇ ಒಡೆಯನಾದರೆ ಮುಷ್ಕರಕ್ಕೆ ಇಳಿಯುವ ಕಾರ್ಮಿಕ ಎರಡನ್ನೂ ಪಣಕ್ಕೆ ಇಟ್ಟಂತೆ. ಕಂಪನಿ ಊರಿನ ಬಗ್ಗೆ ಮಾತಾಡುವಾಗ ಈ ಎರಡು ಮುಖವನ್ನೂ ಹೇಳಬೇಕು.

ಗೊಬ್ಬರವನ್ನು ಆ ಕಣಿವೆಯಿಂದ ಹೊರಗೆ ಸಾಗಿಸಿದ್ದು ಹೇಗೆ?

ರೈಲು, ಹಡಗು, ಮತ್ತೆ ರೈಲು. ಕಾರ್ಖಾನೆಯಿಂದ ಮೇಲ್ ಎಂಬಲ್ಲಿಗೆ 16 ಕಿಲೋಮೀಟರ್ ಹಳಿ. ಅಲ್ಲಿ ವ್ಯಾಗನ್ನುಗಳನ್ನು ಹಾಗೇ ಹಡಗಿಗೆ ಹತ್ತಿಸಿ, ಟಿನ್ ಸರೋವರದ ಮೇಲೆ ಸುಮಾರು 30 ಕಿಲೋಮೀಟರ್ ಸಾಗಿಸಿ, ಆಚೆ ದಡದಲ್ಲಿ ಇಳಿಸಿ, ನೋಟೋಡೆನ್‌ಗೆ ಇನ್ನೊಂದು 30 ಕಿಲೋಮೀಟರ್. ಅಲ್ಲಿಂದ ಕಾಲುವೆಯ ದೋಣಿ. ದಡದುದ್ದಕ್ಕೂ ಹಳಿ ಹಾಕಲು ಬಂಡೆ ಬಿಡಲಿಲ್ಲ, ಅದಕ್ಕೇ ಹಡಗು. ಮಾರ್ಗ 1909ರಲ್ಲಿ ತೆರೆಯಿತು, 1911ರಲ್ಲಿ ವಿದ್ಯುತ್ ಎಂಜಿನ್ ಬಂದವು.

ಬಿಸಿಲು ಬೀಳದ ಊರಿಗೆ ಕನ್ನಡಿ ಹಾಕಿದ್ದು ಐಡೆಯೇ?

ಕನ್ನಡಿಯ ಆಲೋಚನೆ 1913ರಷ್ಟು ಹಳೆಯದು. ಕಂಪನಿಯ ಲೆಕ್ಕದ ಗುಮಾಸ್ತನೊಬ್ಬ ಪತ್ರಿಕೆಗೆ ಬರೆದದ್ದು, ಐಡೆಗೂ ಇಷ್ಟವಾಗಿತ್ತು. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ನಡುವಿನವರೆಗೆ ಬೆಟ್ಟದ ನೆರಳು ಊರನ್ನು ಬಿಡುವುದಿಲ್ಲ. ಆ ಕಾಲದ ತಂತ್ರಜ್ಞಾನದಲ್ಲಿ ಕನ್ನಡಿ ಆಗಲಿಲ್ಲ. ಬದಲಿಗೆ 1928ರಲ್ಲಿ ಕಂಪನಿ, ಜನ ಮೇಲೆ ಹತ್ತಿ ಬಿಸಿಲು ಕಾಯಲೆಂದು ರೋಪ್‌ವೇ ಕಟ್ಟಿಸಿತು. 2013ರಲ್ಲಿ ಕೊನೆಗೂ 17 ಚದರ ಮೀಟರಿನ ಮೂರು ಕನ್ನಡಿ ಬಂದವು. ಕಂಪ್ಯೂಟರ್ ಸೂರ್ಯನನ್ನು ಹಿಂಬಾಲಿಸಿ ತಿರುಗಿಸುವ ಅವು ಊರ ಚೌಕದ ಸುಮಾರು 600 ಚದರ ಮೀಟರಿಗೆ ಬಿಸಿಲು ಬೀಳಿಸುತ್ತವೆ.

## ಜಗಳ, ನಿರ್ಗಮನ, ತಪ್ಪು ಕಲ್ಪನೆ

ಬಿರ್ಕೆಲಾಂಡ್‌ಗೆ ಮೋಸ ಆಯಿತೇ? ನೊಬೆಲ್ ತಪ್ಪಿಸಿದ್ದು ಐಡೆ ಅನ್ನುತ್ತಾರೆ.

ಬಿರ್ಕೆಲಾಂಡ್ ಹೆಸರು ನೊಬೆಲ್‌ಗೆ ಹಲವು ಬಾರಿ ಸೂಚಿತವಾಗಿತ್ತು. ಪ್ರಶಸ್ತಿ ಕುಲುಮೆಗಾಗಿಯಾದರೆ ತನ್ನ ಹೆಸರೂ ಸೇರಬೇಕೆಂದು ಐಡೆ ಪಟ್ಟು ಹಿಡಿದು ಓಡಾಡಿದ. ಇಬ್ಬರ ಸ್ನೇಹ ಹಳಸಿತು. ಪ್ರಶಸ್ತಿ ಯಾರಿಗೂ ಬರಲಿಲ್ಲ. ಐಡೆಯ ಓಡಾಟವೊಂದೇ ಅದಕ್ಕೆ ಕಾರಣ ಎನ್ನುವಷ್ಟು ಸರಳವಲ್ಲ, ಆದರೆ ಅದರಿಂದ ಬಿರ್ಕೆಲಾಂಡ್‌ಗೆ ಒಳ್ಳೆಯದಂತೂ ಆಗಲಿಲ್ಲ.

ನಮ್ಮ ತೂಕ ಹೀಗೆ: ಬೆಂಕಿಯ ತಟ್ಟೆ ಬಿರ್ಕೆಲಾಂಡ್‌ನದು, ಅದರಲ್ಲಿ ಅನುಮಾನವೇ ಬೇಡ. ಆ ತಟ್ಟೆ ಪ್ರಯೋಗಾಲಯದಿಂದ ಹೊರಬಂದು ಹೊಲ ತಲುಪಿದ್ದು ಐಡೆಯಿಂದ. ಪೇಟೆಂಟಿನಲ್ಲಿ ಇಬ್ಬರ ಹೆಸರೂ ಇರುವುದು ಸರಿ. ವಿಜ್ಞಾನದ ಪ್ರಶಸ್ತಿಗೆ ಪಾಲು ಕೇಳಿದ್ದು ಸರಿಯಲ್ಲ. ಬಿರ್ಕೆಲಾಂಡ್ 1917ರ ಜೂನ್ 15ರಂದು ಟೋಕಿಯೋದ ಹೋಟೆಲೊಂದರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡ. ಮುಂದೆ ನಾರ್ವೆಯ 200 ಕ್ರೋನರ್ ನೋಟಿನ ಮೇಲೆ ಬಂದದ್ದು ಆತನ ಮುಖ.

ಐಡೆ ಕಂಪನಿ ಬಿಟ್ಟ ಮೇಲೆ ಏನು ಮಾಡಿದ?

ಮಹಾನಿರ್ದೇಶಕ ಸ್ಥಾನ ಬಿಟ್ಟದ್ದು 1917ರಲ್ಲಿ. 1920ರ ದಶಕದ ಆರಂಭದಲ್ಲಿ ಪೋಲೆಂಡ್‌ನಲ್ಲಿ ನಾರ್ವೆಯ ರಾಜತಾಂತ್ರಿಕ ಪ್ರತಿನಿಧಿಯಾಗಿದ್ದ. 1939ರಲ್ಲಿ ಆತ್ಮಕತೆ ಪ್ರಕಟಿಸಿದ. ಅದನ್ನು ಓದುವವರು ಒಂದು ಎಚ್ಚರ ಇಟ್ಟುಕೊಳ್ಳಿ: ಎಲ್ಲ ದಾರಿಯೂ ತನ್ನಿಂದಲೇ ಹೊರಟಂತೆ ಬರೆದುಕೊಳ್ಳುವ ಸ್ವಭಾವ ಆತನದು.

ಗೊಬ್ಬರ ಬಿಟ್ಟು ಬೇರೆ ಏನಾದರೂ ಮಾಡಿದ್ದಾನಾ?

ಅರೆಂಡಾಲ್ ಪಕ್ಕದಲ್ಲಿ 1912ರ ಹೊತ್ತಿಗೆ ಸಿಲಿಕಾನ್ ಕಾರ್ಬೈಡ್ ಮತ್ತು ಅಲ್ಯೂಮಿನಿಯಂ ಉದ್ಯಮಗಳನ್ನು ಹುಟ್ಟುಹಾಕಿದ. ಆ ಊರಿಗೆ ಐಡೆಹಾವ್ನ್, ಅಂದರೆ ಐಡೆಯ ಬಂದರು ಎಂದೇ ಹೆಸರಾಯಿತು. ಎಲೆಕ್ಟ್ರೋಕೆಮಿಸ್ಕ್‌ನಲ್ಲಿ ಮುಂದೆ ಸೋಡರ್‌ಬರ್ಗ್ ವಿದ್ಯುದ್ವಾರ ರೂಪುಗೊಂಡಿತು: ಇಂಗಾಲದ ಹಿಟ್ಟನ್ನು ಮೇಲಿಂದ ತುಂಬುತ್ತಾ ಹೋದರೆ ಕುಲುಮೆಯ ಬಿಸಿಗೇ ಬೆಂದು ಗಟ್ಟಿಯಾಗುವ ಕಂಬ. ಕುಲುಮೆ ನಿಲ್ಲಿಸದೆ ವಿದ್ಯುದ್ವಾರ ಬೆಳೆಸಬಹುದಾದ್ದರಿಂದ ಫೆರೋ ಅಲಾಯ್ (ಕಬ್ಬಿಣದ ಮಿಶ್ರಲೋಹ) ಕಾರ್ಖಾನೆಗಳು ಇಂದಿಗೂ ಇದನ್ನು ಬಳಸುತ್ತವೆ.

ಹಿಟ್ಲರನ ಅಣುಬಾಂಬಿಗೆ ಭಾರಜಲ ಮಾಡಿದ್ದು ಇವನ ಕಾರ್ಖಾನೆಯೇ ಅಲ್ಲವೇ?

ಜಾಗ ಅದೇ ವೇಮೋರ್ಕ್, ಕಾಲ ಬೇರೆ. ಭಾರಜಲದ (ಭಾರವಾದ ಜಲಜನಕ ಇರುವ ನೀರಿನ) ಉತ್ಪಾದನೆ ಶುರುವಾದದ್ದು 1934ರಲ್ಲಿ, ಐಡೆ ಕಂಪನಿ ಬಿಟ್ಟು ಬಹುಕಾಲದ ಮೇಲೆ. ನಾರ್ವೆಯ ಗೆರಿಲ್ಲಾಗಳು ಅದನ್ನು ಸ್ಫೋಟಿಸಿದ್ದು 1943ರ ಫೆಬ್ರವರಿ 27–28ರ ರಾತ್ರಿ, ಸಾಗಣೆಯ ಹಡಗನ್ನು ಟಿನ್ ಸರೋವರದಲ್ಲಿ ಮುಳುಗಿಸಿದ್ದು 1944ರ ಫೆಬ್ರವರಿ 20ರಂದು. ಐಡೆ ಇದ್ಯಾವುದನ್ನೂ ನೋಡಲಿಲ್ಲ.

## ಆಳಕ್ಕೆ ಇಳಿಯುವವರಿಗೆ

ಅಷ್ಟು ಚೆನ್ನಾಗಿದ್ದ ವಿಧಾನ ಯಾಕೆ ಸತ್ತುಹೋಯಿತು?

ವಿದ್ಯುತ್ತಿನ ಲೆಕ್ಕ ನೋಡಿ. ಒಂದು ಟನ್ ನೈಟ್ರಿಕ್ ಆಮ್ಲಕ್ಕೆ ಸುಮಾರು 15,000 ಯೂನಿಟ್. ಆಮ್ಲದ ತೂಕದಲ್ಲಿ ಸಾರಜನಕ 63ಕ್ಕೆ 14 ಭಾಗ, ಅಂದರೆ ಒಂದು ಟನ್ ಸಾರಜನಕಕ್ಕೆ ನಾಲ್ಕೂವರೆ ಟನ್ ಆಮ್ಲ, 67,500 ಯೂನಿಟ್. ರಾಸಾಯನಿಕವಾಗಿ ನೈಟ್ರಿಕ್ ಆಕ್ಸೈಡ್ ಆಗಲು ನಿಜಕ್ಕೂ ಬೇಕಾದ ಶಕ್ತಿ ಇದರ ಶೇ. 3ಕ್ಕಿಂತ ಕಡಿಮೆ. ಉಳಿದದ್ದೆಲ್ಲ ಗಾಳಿ ಕಾಯಿಸಲು ಹೋಯಿತು. ಹಾಬರ್–ಬಾಷ್ ವಿಧಾನದ ಇಂದಿನ ಕಾರ್ಖಾನೆಗೆ ಅದೇ ಒಂದು ಟನ್ ಸಾರಜನಕಕ್ಕೆ ಬೇಕಾದ ಇಂಧನ ಇದರ ಆರನೆಯ ಒಂದು ಭಾಗದ ಆಸುಪಾಸು.

1913ರಲ್ಲಿ ಜರ್ಮನಿಯ ಒಪ್ಪಾವ್‌ನಲ್ಲಿ ಹಾಬರ್–ಬಾಷ್ ಕಾರ್ಖಾನೆ ಶುರುವಾಯಿತು. ಅಗ್ಗದ ನೀರು ಇದ್ದುದರಿಂದ ನಾರ್ವೆ ಇನ್ನೂ ಒಂದೂವರೆ ದಶಕ ತಡೆದು ನಿಂತಿತು. 1927ರಲ್ಲಿ ಆಗಿನ ಮಹಾನಿರ್ದೇಶಕ ಆಕ್ಸೆಲ್ ಔಬರ್ಟ್ ಜರ್ಮನಿಯ ಐಜಿ ಫಾರ್ಬೆನ್ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡು ಅಮೋನಿಯಾಕ್ಕೆ ತಿರುಗಿದ.

ವೇಮೋರ್ಕ್‌ನ ಇಡೀ ವರ್ಷದ ಗೊಬ್ಬರ ಇಂದಿನ ಲೆಕ್ಕದಲ್ಲಿ ಎಷ್ಟು?

108 ಮೆಗಾವಾಟ್ ವರ್ಷಪೂರ್ತಿ ಒಂದು ನಿಮಿಷವೂ ನಿಲ್ಲದೆ ಓಡಿತು ಎಂದುಕೊಳ್ಳಿ: ಸುಮಾರು 94.6 ಕೋಟಿ ಯೂನಿಟ್. ಅದನ್ನು 15,000ದಿಂದ ಭಾಗಿಸಿದರೆ 63,000 ಟನ್ ಆಮ್ಲ, ಅದರಲ್ಲಿ ಸಾರಜನಕ 14,000 ಟನ್. ಯೂರಿಯಾ ಲೆಕ್ಕಕ್ಕೆ ತಂದರೆ ಸುಮಾರು 30,000 ಟನ್. ವರ್ಷಕ್ಕೆ 12 ಲಕ್ಷ ಟನ್ ತಯಾರಿಸುವ ಇಂದಿನ ಒಂದು ಯೂರಿಯಾ ಕಾರ್ಖಾನೆ ಇಷ್ಟನ್ನು ಒಂಬತ್ತು ದಿನದಲ್ಲಿ ಮಾಡುತ್ತದೆ.

ನಾವು ಟೊಮೆಟೊ, ದ್ರಾಕ್ಷಿಗೆ ಡ್ರಿಪ್‌ನಲ್ಲಿ ಬಿಡುವ ಕ್ಯಾಲ್ಸಿಯಂ ನೈಟ್ರೇಟ್ ಇದೇನಾ?

ಅದೇ ವಂಶದ್ದು, ತಯಾರಿಕೆ ಬೇರೆ. ಈಗಿನದರಲ್ಲಿ ಸ್ವಲ್ಪ ಅಮೋನಿಯಂ ನೈಟ್ರೇಟ್ ಸೇರಿ ಹರಳುಗಟ್ಟಿರುತ್ತದೆ. ಸಾರಜನಕ ಶೇ. 15.5, ಕ್ಯಾಲ್ಸಿಯಂ ಶೇ. 18–19. ಹೈಡ್ರೋದ ಗೊಬ್ಬರ ವಿಭಾಗ 2004ರಲ್ಲಿ ಯಾರಾ ಎಂಬ ಪ್ರತ್ಯೇಕ ಕಂಪನಿಯಾಯಿತು. ಅದು ಭಾರತದಲ್ಲೂ ಗೊಬ್ಬರ ಮಾರುತ್ತದೆ, 2018ರಲ್ಲಿ ಉತ್ತರ ಪ್ರದೇಶದ ಬಬ್ರಾಲಾ ಯೂರಿಯಾ ಕಾರ್ಖಾನೆಯನ್ನೂ ಕೊಂಡಿತು.

ಬಳಸುವವರಿಗೆ ಎರಡು ಮಾತು. ಒಂದೇ ತೊಟ್ಟಿಯಲ್ಲಿ ಇದರ ಜೊತೆ ಮೆಗ್ನೀಸಿಯಂ ಸಲ್ಫೇಟ್, ಪೊಟ್ಯಾಸಿಯಂ ಸಲ್ಫೇಟ್, ಎಂಎಪಿ (ಮೋನೋ ಅಮೋನಿಯಂ ಫಾಸ್ಫೇಟ್) ಬೆರೆಸಬೇಡಿ. ಸಲ್ಫೇಟ್ ಸೇರಿದರೆ ಜಿಪ್ಸಂ, ಫಾಸ್ಫೇಟ್ ಸೇರಿದರೆ ಕ್ಯಾಲ್ಸಿಯಂ ಫಾಸ್ಫೇಟ್ ಕೆಳಗೆ ಕೂತು ಡ್ರಿಪ್ಪರ್ ಕಟ್ಟಿಕೊಳ್ಳುತ್ತದೆ. ಬೇರೆ ತೊಟ್ಟಿ, ಬೇರೆ ದಿನ. ಇನ್ನೊಂದು, ಚೀಲ ಒಡೆದರೆ ಅಂದೇ ಬಳಸಿ ಅಥವಾ ಗಾಳಿಯಾಡದಂತೆ ಬಿಗಿಯಾಗಿ ಕಟ್ಟಿ. ಐಡೆಯ ಕಾಲದಲ್ಲಿ ಪೀಪಾಯಿ ಬೇಕಾದ ಅದೇ ಕಾರಣ, ಮಳೆಗಾಲದಲ್ಲಿ ಒಂದು ರಾತ್ರಿಗೇ ಪಾಕವಾಗುತ್ತದೆ.

ಸೋಲಾರ್ ಇಟ್ಟುಕೊಂಡು ಇಂಥ ಕುಲುಮೆಯನ್ನು ಮನೆಯಲ್ಲೇ ಮಾಡಬಹುದೇ?

ಬೇಡ. ಒಂದು 45 ಕಿಲೋ ಯೂರಿಯಾ ಚೀಲದಲ್ಲಿ 20.7 ಕಿಲೋ ಸಾರಜನಕ ಇದೆ. ಐಡೆಯ ದೊಡ್ಡ ಕುಲುಮೆಯಷ್ಟೇ ಚೆನ್ನಾಗಿ ನಿಮ್ಮದೂ ಕೆಲಸ ಮಾಡಿದರೂ ಅಷ್ಟಕ್ಕೆ ಸುಮಾರು 1,400 ಯೂನಿಟ್ ಬೇಕು. ದಿನಕ್ಕೆ 20 ಯೂನಿಟ್ ಕೊಡುವ 5 ಕಿಲೋವಾಟ್ ಫಲಕಕ್ಕೆ ಅದು 70 ದಿನದ ದುಡಿಮೆ. ಸಣ್ಣ ಕುಲುಮೆಯ ದಕ್ಷತೆ ಇನ್ನೂ ಕಡಿಮೆ.

ವೆಚ್ಚಕ್ಕಿಂತ ದೊಡ್ಡ ಕಾರಣ ಜೀವದ್ದು. ನೈಟ್ರೋಜನ್ ಡೈಆಕ್ಸೈಡ್ ಉಸಿರಾಡಿದಾಗ ಆ ಕ್ಷಣಕ್ಕೆ ಸ್ವಲ್ಪ ಕೆಮ್ಮು ಬಂದು ಸುಮ್ಮನಾಗಬಹುದು. ಗಂಟೆಗಳ ನಂತರ, ಕೆಲವೊಮ್ಮೆ ರಾತ್ರಿ ಮಲಗಿದ ಮೇಲೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಕಂದು ಹೊಗೆ ಕುಡಿದವರು ಚೆನ್ನಾಗಿದ್ದೇನೆ ಅಂದರೂ ಆಸ್ಪತ್ರೆಯಲ್ಲಿ ನಿಗಾ ಬೇಕು. ಕಡಿಮೆ ಬಿಸಿಯ ಪ್ಲಾಸ್ಮಾದಲ್ಲಿ ಸಾರಜನಕ ಹಿಡಿಯುವ ಸಂಶೋಧನೆ ಹಲವು ವಿಶ್ವವಿದ್ಯಾಲಯಗಳಲ್ಲಿ ನಡೆದಿದೆ, ಅದನ್ನು ಓದಿ.

ಈಗ ಹಸಿರು ಅಮೋನಿಯಾ ಅನ್ನುತ್ತಾರಲ್ಲ, ಅದಕ್ಕೂ ಇದಕ್ಕೂ ಏನು ಸಂಬಂಧ?

1920ರ ದಶಕದ ಕೊನೆಗೆ ನೋರ್ಸ್ಕ್ ಹೈಡ್ರೋ ಹಾಬರ್–ಬಾಷ್‌ಗೆ ತಿರುಗಿದಾಗ ಜರ್ಮನಿಯವರು ಜಲಜನಕವನ್ನು ಕಲ್ಲಿದ್ದಲಿನಿಂದ ತೆಗೆಯುತ್ತಿದ್ದರು. ರ್ಯೂಕಾನ್‌ನಲ್ಲಿ ಕಲ್ಲಿದ್ದಲಿಲ್ಲ, ಐಡೆ ಕಟ್ಟಿಸಿದ ವಿದ್ಯುತ್ ಸ್ಥಾವರಗಳಿದ್ದವು. ಆ ವಿದ್ಯುತ್ತಿನಿಂದ ನೀರನ್ನೇ ಒಡೆದು ಜಲಜನಕ ತೆಗೆದರು. ಇಂದು ಹಸಿರು ಅಮೋನಿಯಾ ಎಂದು ಕರೆಯುವುದು ಇದನ್ನೇ, ವೇಮೋರ್ಕ್‌ನಲ್ಲಿ ಅದು ದಶಕಗಟ್ಟಲೆ ನಡೆಯಿತು. ಆಮೇಲೆ ಅಗ್ಗದ ಪೆಟ್ರೋಲಿಯಂ ಮತ್ತು ಅನಿಲ ಬಂದು ಅದನ್ನು ಬದಿಗೆ ಸರಿಸಿದವು. 2024ರಲ್ಲಿ ಯಾರಾ ಕಂಪನಿ ನಾರ್ವೆಯ ಹೆರೋಯಾದಲ್ಲಿ 24 ಮೆಗಾವಾಟಿನ ವಿದ್ಯುದ್ವಿಭಜನೆ ಘಟಕ ತೆರೆಯಿತು. 1911ರ ವೇಮೋರ್ಕ್ ಸ್ಥಾವರದ ನಾಲ್ಕನೆಯ ಒಂದು ಭಾಗಕ್ಕಿಂತಲೂ ಅದು ಸಣ್ಣದು.

ಅಲ್ಲಿಗೆ ಹೋದರೆ ಏನೇನು ನೋಡಬಹುದು?

ರ್ಯೂಕಾನ್–ನೋಟೋಡೆನ್ 2015ರಿಂದ ಯುನೆಸ್ಕೋ ವಿಶ್ವ ಪರಂಪರೆಯ ತಾಣ. ವೇಮೋರ್ಕ್‌ನ ಕಲ್ಲಿನ ಸ್ಥಾವರದಲ್ಲಿ ಕೈಗಾರಿಕಾ ಕಾರ್ಮಿಕರ ವಸ್ತುಸಂಗ್ರಹಾಲಯ ಇದೆ, ಹಳೆಯ ಜನರೇಟರ್‌ಗಳು ಸಾಲಾಗಿ ನಿಂತಿವೆ. ನೋಟೋಡೆನ್‌ನಲ್ಲಿ ಮೊದಲ ಕಾಲದ ಕುಲುಮೆಮನೆ ಉಳಿದಿದೆ. ಮೇಲ್ ಎಂಬ ಊರಿನ ದಡದಲ್ಲಿ 1929ರ ರೈಲು ಹಡಗು 'ಅಮೋನಿಯಾ' ಕಟ್ಟಿಹಾಕಿದೆ. ಚಳಿಗಾಲದಲ್ಲಿ ಹೋಗುವವರು ನಡು ಹಗಲಿಗೆ ರ್ಯೂಕಾನ್ ಚೌಕದಲ್ಲಿರಿ, ಕನ್ನಡಿಯ ಬಿಸಿಲು ಅಲ್ಲಿಗೇ ಬೀಳುವುದು.